ಅರ್ಧಕ್ಕೆ ಬಿಟ್ಟ ಆಟ

ಕಮಠಾಣದ ಹೊಲಗಳಲ್ಲಿ ಕಸ ತೆಗೆಯುವಾಗ ಎಲ್ಲರಿಗಿಂತ ಮೊದಲು ನನ್ನ ಸಾಲು ಮುಗಿಯುತ್ತಿತ್ತು. ಜಂಬವಲ್ಲ, ಬೇಕಾದರೆ ಊರಲ್ಲಿ ಗಿರಿಜಾಬಾಯಿ ಹೆಂಗೆ ಅಂತ ಕೇಳಿ ನೋಡಿ. ಆದರೆ ಎರಡು ವರ್ಷ ಮಳೆ ಕೈಕೊಟ್ಟಿತು. ಜೊತೆಯ ಹೆಂಗಸರು ಕಟ್ಟಡ ಕೆಲಸಕ್ಕೆಂದು ಹೈದರಾಬಾದಿಗೆ ಹೋದರು, ನಾನು ಬೀದರಿನ ಮಗಳ ಮನೆಗೆ ಬಂದೆ. ಕೆಲಸವಿಲ್ಲದ ಮೈಗೆ ನಿದ್ದೆ ಎಲ್ಲಿಂದ ಬರಬೇಕು? ಡಾಕ್ಟರು ಗುಳಿಗೆ ಕೊಟ್ಟರು. ಅದನ್ನು ನುಂಗಿದರೆ ಬೆಳಗ್ಗೆ ಎಂಟಾದರೂ ಕಣ್ಣು ಬಿಡಲು ಆಗುತ್ತಿರಲಿಲ್ಲ.

ಆಗಲೇ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಖಾಲಿಯಿದೆ ಎಂದು ಗೊತ್ತಾಯಿತು. ವಾರ್ಡನ್ ಶೇವಂತಾಬಾಯಿ ನೇರ ಮಾತಿನವರು.

“ಮುಂಜಾನಿ ಐದಕ್ಕ ಒಲಿ ಹಚ್ಚಬೇಕ್ರಿ. ಬರೋ ತಿಂಗಳ ಒಂದನೇ ತಾರೀಖಿನಿಂದ ಎಂಟು ದಿನ ನೋಡ್ತೇನಿ. ಒಂದಿನ ತಡಾ ಆದ್ರೂ ಬ್ಯಾರೆಯವರನ್ನ ಕರೀತೇನಿ.”

ಡಾಕ್ಟರ ಹತ್ತಿರ ಓಡಿದೆ. “ಮೈ ದಣೀಬೇಕ್ರಿ. ಸಂಜಿಮುಂದ ಬೆವರು ಬರಂಗ ಏನರ ಮಾಡ್ರಿ. ನಿದ್ದಿ ಹತ್ತಿದ್ರ ಗುಳಿಗಿ ಕಡಿಮಿ ಮಾಡ್ತೇನಿ” ಅಂದರು.

ಅಳಿಯ ಗೋರಖನಾಥ ಹಳೆಯದೊಂದು ವಿಡಿಯೋ ಗೇಮ್ ತಂದಿದ್ದರು. ಟಿವಿಯ ಮುಂದೆ ನಾವು ಕುಣಿದಂತೆ ಒಳಗಿನ ಗೊಂಬೆ ಕುಣಿಯುತ್ತದೆ. ಕಲ್ಲು ಬಂದರೆ ಜಿಗಿಯಬೇಕು, ಹಣ್ಣು ಬಂದರೆ ಕೈ ಬೀಸಿ ಹೊಡೆಯಬೇಕು. ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತೇಬಿಟ್ಟೆ.

ತಪ್ಪಿದ್ದು ಇಲ್ಲೇ. ನಮ್ಮಲ್ಲಿ ಸಾಲು ಅರ್ಧಕ್ಕೆ ಬಿಟ್ಟು ಎದ್ದವಳನ್ನು ಎಲ್ಲರೂ ಆಡಿಕೊಳ್ಳುತ್ತಾರೆ. ಹಾಗಾಗಿ ಮುಗಿಸಿಯೇ ಏಳೋಣ ಎಂದು ಆಡಿದೆ. ಹೊಲಕ್ಕಾದರೆ ಬದು ಇರುತ್ತದೆ. ಈ ಆಟದಲ್ಲಿ ನೂರು ಹಣ್ಣು ಹೊಡೆದರೆ ಮತ್ತೆ ನೂರು ಬರುತ್ತವೆ. ರಾತ್ರಿ ಹತ್ತು ಗಂಟೆಯವರೆಗೆ ಜಿಗಿದು ಮಲಗಿದರೆ ಎದೆ ಡಬಡಬ, ಗುಳಿಗೆಯೂ ಕೆಲಸ ಮಾಡಲಿಲ್ಲ. ತಿಂಗಳು ಮುಗಿಯಲು ಇನ್ನು ಹದಿನೈದೇ ದಿನ. ಕೆಲಸ ಹೋಯಿತು ಎಂದು ನಿಜಕ್ಕೂ ಹೆದರಿದೆ.

ಮಗಳು ಶಾಲುಬಾಯಿ ಬೈದಳು. “ಯವ್ವಾ, ಡಾಕ್ಟರು ಸಂಜಿಮುಂದ ಅಂದಾರ. ಮಲಗೋ ಹೊತ್ತಿನ್ಯಾಗ ಕುಣಿದ್ರ ನಿದ್ದಿ ಹ್ಯಾಂಗ ಬರ್ತದ?”

“ಮುಗೀಬೇಕಲ್ಲ?”

“ಅದು ಮುಗಿಯಂಗಿಲ್ಲ. ನೀನೇ ಬಿಡಬೇಕು.”

ಮರುದಿನ ಸಂಜೆ ಐದಕ್ಕೇ ಶುರು ಮಾಡಿದೆ. ಆರು ಹೊಡೆದಾಗ ತೊಂಬತ್ತಮೂರು ಹಣ್ಣಾಗಿದ್ದವು, ಇನ್ನು ಏಳೇ ಏಳು. ಕೈ ತುರಿಸಿತು, ನಾಚಿಕೆಯೂ ಆಯಿತು. ಆದರೂ ಬಟನ್ ಒತ್ತಿ ಟಿವಿ ಬಂದ್ ಮಾಡಿದೆ.

“ಅತ್ತಿ, ಗೆಲ್ಲಲತ್ತಿದ್ರಲ್ರಿ!” ಅಳಿಯನಿಗೇ ಸಂಕಟ.

“ಇರ್ಲಿ ಬಿಡ್ರಿ. ನನಗ ಮುಂಜಾನಿ ನಾಲ್ಕಕ್ಕ ಏಳೋದದ.”

ಅಂದು ಒಂಬತ್ತಕ್ಕೆಲ್ಲ ಕಣ್ಣು ಎಳೆಯಿತು. ವಾರ ಕಳೆದ ಮೇಲೆ ಡಾಕ್ಟರು ಗುಳಿಗೆ ಅರ್ಧ ಮಾಡಿದರು, ಆಮೇಲೆ ನಿಲ್ಲಿಸಿಯೇಬಿಟ್ಟರು.

ಎಂಟೂ ದಿನ ಐದಕ್ಕೆ ಮೊದಲೇ ಹಾಸ್ಟೆಲಿನ ಒಲೆ ಹಚ್ಚಿದೆ. ಕೊನೆಯ ದಿನ ಶೇವಂತಾಬಾಯಿ ಉಪ್ಪಿಟ್ಟು ತಿಂದು ತಟ್ಟೆ ಇಟ್ಟರು.

“ನಾಳಿನೂ ಬರ್ರಿ” ಅಂದರು.

ತಲೆಯಾಡಿಸಿ ಹೊರಗೆ ಬಂದವಳು ಗೇಟಿನ ಹತ್ತಿರ ನಿಂತು ಅತ್ತುಬಿಟ್ಟೆ. ಎರಡು ವರ್ಷದಿಂದ ನನಗೆ ಯಾರೂ ಹಾಗೆ ಹೇಳಿರಲಿಲ್ಲ.