ಕೆಂಪು ಮೆಟ್ಟಿನ ಸಂನ್ಯಾಸಿನಿ

ಆ ಪ್ರಾರ್ಥನಾಗ್ರಂಥದ ಚಿತ್ರಗಳಲ್ಲೆಲ್ಲ ಮೇರಿಯಮ್ಮನ ಪಾದದ ಬಳಿ ಒಬ್ಬ ಸಂನ್ಯಾಸಿನಿ ಮಂಡಿಯೂರಿ ಕೂತಿದ್ದಳು. ತಲೆಗೆ ಮಠದ ಬಿಳಿ ಮುಸುಕು. ಕಾಲಿಗೆ ಮಾತ್ರ ಅರಮನೆಯ ಹೆಂಗಸರು ಹಾಕುವಂಥ ಚೂಪು ಮೂತಿಯ ಕೆಂಪು ಮೆಟ್ಟು. ಏಳುನೂರು ವರ್ಷ ಹಳೆಯ ಪುಸ್ತಕ. ಬರೆಸಿದವರು ಯಾರೆಂದು ಅದನ್ನು ಕಾಪಾಡಿಕೊಂಡು ಬಂದ ಹ್ಯಾನೋವರಿನ ಗ್ರಂಥಾಲಯದಲ್ಲಿ ಯಾರಿಗೂ ತಿಳಿಯದು. ಸಂನ್ಯಾಸಿನಿಯರ ಶೋಕಿಯನ್ನು ಯಾವನೋ ಚಿತ್ರಕಾರ ಗೇಲಿ ಮಾಡಿದ್ದಾನೆ ಎಂದು ಪ್ರೊಫೆಸರ್ ಟೆಗ್ಟ್‌ಮಾಯರ್ ಬಹಳ ಹಿಂದೆಯೇ ಬರೆದಿದ್ದರು. ಎಲ್ಲರೂ ಅದನ್ನೇ ನಂಬಿದ್ದರು.

ಅವರ ಶಿಷ್ಯೆ ಗೆಜೀನಾ ನಂಬಲಿಲ್ಲ. ಗೇಲಿ ಮಾಡುವವನು ಆ ಮುಖವನ್ನು ಅಷ್ಟು ಅಕ್ಕರೆಯಿಂದ ಬರೆಯುತ್ತಿದ್ದನೇ? ಭೂತಗನ್ನಡಿ ಹಿಡಿದು ನೋಡಿದಾಗ ನಿಲುವಂಗಿಯ ಅಂಚಿನಲ್ಲಿ ಮೂರು ಚಿನ್ನದ ಕೊಕ್ಕೆಗಳು ಕಂಡವು. ಅದು ಬರೀ ಅಲಂಕಾರವಲ್ಲ, ಯಾವುದೋ ಮನೆತನದ ಲಾಂಛನ ಎನ್ನಿಸಿತು. ಹಳೆಯ ಅರಗಿನ ಮುದ್ರೆಗಳನ್ನು ಒಂದೊಂದಾಗಿ ತಿರುವಿ ಹಾಕಿ, ಕೊನೆಗೆ ಎಂದೋ ನಿರ್ವಂಶವಾಗಿದ್ದ ಹಾಕೆನ್‌ಬೆಕ್ ಮನೆತನವನ್ನು ಹಿಡಿದಳು. ಆ ಮನೆಯ ಮಗಳು ಮೆಕ್ಟಿಲ್ಡ್, ಇಲ್ಸೆನ್‌ರೋಡೆ ಮಠದ ಯಜಮಾನಿಯಾಗಿದ್ದಳು.

"ಕೊಕ್ಕೆ ಲಾಂಛನ ಇನ್ನೂ ಎಷ್ಟೋ ಮನೆತನಕ್ಕಿತ್ತಮ್ಮ," ಎಂದರು ಟೆಗ್ಟ್‌ಮಾಯರ್. "ಇಂಥ ಮೆಟ್ಟು ಹಾಕ್ಕೊಂಡ ಯಜಮಾನಿನ ಎಲ್ಲಾದ್ರೂ ಕಂಡಿದೀಯಾ?"

"ಹುಡುಕ್ತೀನಿ ಸರ್."

ಇಲ್ಸೆನ್‌ರೋಡೆಯಲ್ಲಿ ಈಗಲೂ ಕೆಲವು ಒಂಟಿ ಹೆಂಗಸರು ಪ್ರಾರ್ಥನೆ ಮಾಡಿಕೊಂಡು ಬಾಳುತ್ತಾರೆ. ಅವರ ಯಜಮಾನಿ ಫ್ರಾವ್ ಓಲ್ಟ್‌ಮನ್ಸ್ ಮೊದಲು ಶಾಲೆಯಲ್ಲಿ ಭೂಗೋಳ ಕಲಿಸಿದವರು. ಅವರೇ ಗೆಜೀನಾಳನ್ನು ಇಗರ್ಜಿಯೊಳಗೆ ಕರೆದೊಯ್ದರು. ಗೋಡೆಯುದ್ದಕ್ಕೂ ಹಿಂದಿನ ಯಜಮಾನಿಯರ ಸಮಾಧಿಕಲ್ಲುಗಳು ನಿಂತಿದ್ದವು. ಮೆಕ್ಟಿಲ್ಡಳದು ಮಾತ್ರ ಇರಲಿಲ್ಲ. ಪ್ರಾರ್ಥನೆಯ ಜಾಗದಲ್ಲಿ ನೆಲಕ್ಕೆ ಹಲಗೆ ಹಾಸಿದ್ದರು. ಗೆಜೀನಾ ಹಿಮ್ಮಡಿಯಿಂದ ಕುಟ್ಟಿದಳು, ಕೆಳಗೆ ಟೊಳ್ಳು.

"ಅಮ್ಮನವರೇ, ಇದನ್ನ ಎತ್ತಬೇಕು."

"ಎತ್ತೋದಾ? ಈ ಹಲಗೆ ಇರೋದ್ರಿಂದಲೇ ನಮ್ಮ ಮುದುಕಿಯರ ಮಂಡಿ ಇನ್ನೂ ಉಳ್ಕೊಂಡಿರೋದು. ಕಾಫಿ ಕುಡಿದು ಹೊರಡಿ."

ಗೆಜೀನಾ ಕಾಫಿ ಕುಡಿದಳು. ಹೊರಟಳು, ಆದರೆ ಸುಮ್ಮನಾಗಲಿಲ್ಲ. ಸ್ಮಾರಕ ಇಲಾಖೆಯ ಬಾಗಿಲು ಸವೆಯುವಷ್ಟು ಅಲೆದಳು. ಚಳಿಗಾಲವಿಡೀ ಭಾನುವಾರ ಬಂದರೆ ಬಸ್ಸು ಹಿಡಿದು ಮಠಕ್ಕೆ ಹೋಗಿ, ಚಿತ್ರದ ದೊಡ್ಡ ಪ್ರತಿಗಳನ್ನು ಆ ಹೆಂಗಸರ ಮುಂದೆ ಹರಡಿ ಕೂತಳು. ಅವರಲ್ಲೊಬ್ಬಾಕೆ ಕನ್ನಡಕ ಏರಿಸಿ ನೋಡಿ, "ಪಾಪ, ಚಳಿ ತಡೀಲಾರದೆ ಹಾಕ್ಕೊಂಡಿರಬೇಕು ಕಣ್ರೇ," ಎಂದಾಗ ಎಲ್ಲರೂ ನಕ್ಕರು. ಫ್ರಾವ್ ಓಲ್ಟ್‌ಮನ್ಸ್ ಕೂಡ.

ವಸಂತದಲ್ಲಿ ಅನುಮತಿ ಸಿಕ್ಕಿತು. ಯಜಮಾನಿಯೂ ತಲೆಯಾಡಿಸಿದರು. "ನಿಮ್ಮ ಕಾಟಕ್ಕಿಂತ ನೆಲದ ಚಳೀನೇ ವಾಸಿ."

ಬಡಗಿಗಳು ಹಲಗೆ ಬಿಚ್ಚಿದರು. ಗೆಜೀನಾ ಮಂಡಿಯೂರಿ ಕೂತು ಬ್ರಷ್ಷಿನಿಂದ ಧೂಳು ತೆಗೆದಳು. ಒಂದೇ ಕಲ್ಲಿನ ಮೇಲೆ ಇಬ್ಬರು ಹೆಂಗಸರು, ನಡುವೆ ಮೂರು ಕೊಕ್ಕೆಗಳ ಗುರಾಣಿ. ಎಡಗಡೆಯವಳ ಕೈಯಲ್ಲಿ ಯಜಮಾನಿಯ ದಂಡ. ಬಲಗಡೆಯವಳ ತಲೆಗೂ ಅದೇ ಮುಸುಕು. ಆದರೆ ನಿಲುವಂಗಿಯ ಕೆಳಗಿಂದ ಚೂಪು ಮೂತಿಯ ಮೆಟ್ಟು ಇಣುಕಿತ್ತು. ಕೆತ್ತನೆಯ ಗೀರಿನಲ್ಲಿ ಕೆಂಪು ಬಣ್ಣದ ಚೂರು ಇನ್ನೂ ಅಂಟಿಕೊಂಡಿತ್ತು.

ಗೆಜೀನಾ ಬ್ರಷ್ಷನ್ನು ಕಲ್ಲಿನ ಅಂಚಿನತ್ತ ಒಯ್ದಳು. ಅಂಚಿನ ಲ್ಯಾಟಿನ್ ಅಕ್ಷರಗಳನ್ನು ಗಟ್ಟಿಯಾಗಿ ಓದಿದಳು: "ಮೆಕ್ಟಿಲ್ಡ್, ಯಜಮಾನಿ. ಆಲ್‌ಹೈಡ್, ಅವಳ ತಂಗಿ, ಸಾಮಂತನ ವಿಧವೆ. ದೀಕ್ಷೆ ಪಡೆಯದೆ ನಮ್ಮೊಡನೆ ಬಾಳಿದವಳು." ಅಲ್ಲಿಂದ ಮುಂದೆ ಕಲ್ಲು ಒಡೆದುಹೋಗಿತ್ತು.

"ಹಾಗಾದ್ರೆ ಗೇಲಿಯಲ್ಲ," ಎಂದರು ಫ್ರಾವ್ ಓಲ್ಟ್‌ಮನ್ಸ್ ಮೆಲ್ಲಗೆ.

"ಅಲ್ಲ. ಚಿತ್ರಕಾರ ಅವಳನ್ನ ಇದ್ದ ಹಾಗೇ ಬರೆದಿದಾನೆ."

ಮರುವಾರ ಟೆಗ್ಟ್‌ಮಾಯರ್ ತಾವೇ ಬಂದು ಕಲ್ಲಿನ ಬಳಿ ಬಹಳ ಹೊತ್ತು ಬಗ್ಗಿ ನಿಂತರು. "ಪುಸ್ತಕ ಬರೆಸಿದ್ದು ಇವಳೇ ಅಂತ ಕಲ್ಲು ಹೇಳಲ್ಲ," ಎಂದರು.

"ಹೇಳಲ್ಲ. ಕೊಕ್ಕೆ, ಮುಸುಕು, ಮೆಟ್ಟು, ಈ ಮೂರೂ ಕೂಡೋ ಇನ್ನೊಬ್ಬಳನ್ನ ತೋರಿಸಿ ಸರ್. ಆವಾಗ ಬಿಟ್ಟುಬಿಡ್ತೀನಿ."

ಅವರು ತೋರಿಸಲಿಲ್ಲ. ಆ ವರ್ಷದ ಕೊನೆಗೆ ಗ್ರಂಥಾಲಯದಲ್ಲಿ ಆ ಪುಸ್ತಕದ ಪರಿಚಯ ಫಲಕಕ್ಕೆ "ಬಹುಶಃ ಆಲ್‌ಹೈಡ್ ಬರೆಸಿದ್ದು" ಎಂಬ ಸಾಲು ಸೇರಿತು. "ಬಹುಶಃ" ಎಂಬ ಪದ ಗೆಜೀನಾಳದ್ದೇ. ಅದನ್ನು ತೆಗೆಯುವಷ್ಟು ಪುರಾವೆ ಸಿಗುವವರೆಗೆ ಹುಡುಕುತ್ತಲೇ ಇರುವುದೆಂದು ಅವಳು ನಿಶ್ಚಯಿಸಿದ್ದಳು.