ಮೂರನೇ ಬೋರ್ಡಿನ ಹೆಸರು

ಹಲ್ಲಿನ ಡಾಕ್ಟರಿಗೆ ಚೆಸ್ ಅಂದರೆ ಪ್ರಾಣ. ಬೇಕರಿಯವರು, ಮೇಷ್ಟ್ರುಗಳು, ಅಂಚೆಯವರು ರಜೆ ಹಾಕಿ ಬಂದು ದೇಶದ ಪರವಾಗಿ ಆಡುವ ಹವ್ಯಾಸಿಗಳ ಅಂತರರಾಷ್ಟ್ರೀಯ ಪಂದ್ಯಗಳಿಗೆ ಆರು ಸಲ ಹೋಗಿಬಂದಿದ್ದರು. ಪ್ರತಿ ದೇಶಕ್ಕೂ ನಾಲ್ವರ ತಂಡ, ಒಬ್ಬೊಬ್ಬರಿಗೆ ಒಂದೊಂದು ಬೋರ್ಡು. ಆ ಪಂದ್ಯಗಳ ಐವತ್ತು ವರ್ಷದ ಚರಿತ್ರೆ ಬರೆಯಲು ಚೆಸ್ ಸಂಘದವರು ಹೇಳಿದಾಗ, ನಾಲ್ಕು ವರ್ಷ ಪಟ್ಟು ಹಿಡಿದು ಬರೆದರು.

ಪುಸ್ತಕ ಅಚ್ಚಿಗೆ ಹೋದ ವಾರ, ಬೂದು ಕೋಟಿನವನೊಬ್ಬ ನೇರ ಒಳಗೆ ಬಂದು ಕುರ್ಚಿಯಲ್ಲಿ ಒರಗಿ ಬಾಯಿ ತೆರೆದ. ಡಾಕ್ಟರು ದೀಪ ಹಿಡಿದು ನೋಡಿದರು.

"ನಿಮ್ಮ ಹಲ್ಲಿಗೇನೂ ಆಗಿಲ್ವಲ್ಲ."

"ಗೊತ್ತು ಡಾಕ್ಟ್ರೇ. ಹುಳುಕಿರೋದು ನಿಮ್ಮ ಪುಸ್ತಕದಲ್ಲಿ. ಹನ್ನೆರಡನೇ ಪಂದ್ಯ, ನಮ್ಮ ತಂಡ, ಮೂರನೇ ಬೋರ್ಡು."

ಮೂರನೇ ಬೋರ್ಡಿನಲ್ಲಿ ಆಡಿದ್ದು ಡಾಕ್ಟರ ಭಾವ, ಅಕ್ಕನ ಗಂಡ, ಗಡಿಯಾರ ರಿಪೇರಿಯವರು. ಗೆದ್ದ ಖುಷಿಯಲ್ಲಿ ಆ ವಿದೇಶದ ಪತ್ರಿಕೆಯವರ ಮುಂದೆ ನಮ್ಮ ಸರ್ಕಾರದ ಬಗ್ಗೆ ಎರಡು ಮಾತು ಆಡಿದ್ದರು. ಊರಿಗೆ ಮರಳಿದ ವಾರಕ್ಕೆ ಸರ್ಕಾರದವರು ಬಂದು 'ಸ್ವಲ್ಪ ವಿಚಾರಿಸಬೇಕು' ಎಂದು ಕರೆದುಕೊಂಡು ಹೋದರು. ಹತ್ತೊಂಬತ್ತು ವರ್ಷವಾದರೂ ಸುಳಿವಿಲ್ಲ.

"ಆ ಸಾಲು ಖಾಲಿ ಬಿಡ್ಲಾ?"

"ಖಾಲಿ ಯಾಕೆ? ಮೂರೇ ಜನ ಆಡಿದ್ರು ಅಂತ ಹಾಕಿ."

ಡಾಕ್ಟರು ತಲೆಯಾಡಿಸಿದರು.

ಪುಸ್ತಕ ಬಂದಾಗ ಅಕ್ಕ ಕನ್ನಡಕ ಏರಿಸಿ ಆ ಪುಟ ಹುಡುಕಿದಳು. ಬೆರಳಿಟ್ಟು ಎಣಿಸಿದಳು.

"ಏನೋ ಇದು, ಮೂರೇ ಜನ? ನಿಮ್ಮ ಭಾವ ಎಲ್ಲೋ?"

"ನನ್ನ ಕೈ ಕಟ್ಟಿಹಾಕಿದ್ರು ಅಕ್ಕಾ."

"ಅವರು ಒಂದ್ಸಲ ಕರ್ಕೊಂಡು ಹೋದ್ರು. ನೀನು ಎರಡನೇ ಸಲ ಕಳಿಸ್ದೆ."

ಅವಳು ಅಳಲಿಲ್ಲ. ಡಾಕ್ಟರಿಗೆ ಅದೇ ಹೆಚ್ಚು ಚುಚ್ಚಿತು. ಊಟದ ಮೇಜಿನ ಮೇಲೆ ತಮ್ಮ ಪಾಲಿನ ಹತ್ತು ಪ್ರತಿಗಳನ್ನು ಹರಡಿ, ಪ್ರತಿಯೊಂದರಲ್ಲೂ ಭಾವನ ಹೆಸರನ್ನು ಗುಂಡಗೆ ಬರೆದರು. ಭಾವ ಆ ಆಟ ಗೆದ್ದದ್ದನ್ನೂ, ಯಾವ ದಿನ ಯಾರು ಬಂದು ಕರೆದೊಯ್ದರೆಂಬುದನ್ನೂ ಕೆಳಗೆ ಬರೆದರು. ಹತ್ತು ದೇಶಗಳ ಹಳೆಯ ಎದುರಾಳಿಗಳ ವಿಳಾಸ ಅವರಲ್ಲಿತ್ತು. ಒಬ್ಬೊಬ್ಬರಿಗೆ ಒಂದರಂತೆ ಕಟ್ಟು ಕಟ್ಟಿದರು, ಅಕ್ಕ ಅಂಟು ಹಚ್ಚಿದಳು.

ಅಂಚೆ ಕಚೇರಿಯ ಗುಮಾಸ್ತ ಕಟ್ಟುಗಳನ್ನು ತೂಗಿ, ಅವರ ಮುಖವನ್ನೊಮ್ಮೆ ನೋಡಿ, ದನಿ ತಗ್ಗಿಸಿದ. "ವಿದೇಶಕ್ಕೆ ಹೋಗೋ ಪುಸ್ತಕ ಮೊದಲು ತೆರೆದು ನೋಡ್ತಾರೆ ಡಾಕ್ಟ್ರೇ. ವಾಪಸ್ ತಗೊಂಡು ಹೋಗ್ತೀರಾ?"

"ಬೇಡಪ್ಪಾ. ಮುದ್ರೆ ಒತ್ತು."

ಮರುದಿನದಿಂದ ರೋಗಿಗಳು ಬರುವುದು ನಿಂತಿತು. ಹಲ್ಲುನೋವಿನಿಂದ ಕೆನ್ನೆ ಊದಿಸಿಕೊಂಡ ಪಕ್ಕದ ಮನೆಯವನೂ ರಸ್ತೆ ದಾಟಿ ಆಚೆಯಿಂದ ಹೋದ. ಎದುರಿಗೆ ಕಾರೊಂದು ನಿಂತಿತ್ತು, ಒಳಗೆ ಇಬ್ಬರು. ಮೂರನೇ ದಿನ ಬೂದು ಕೋಟಿನವನು ಒಂಬತ್ತು ಕಟ್ಟು ತಂದು ಮೇಜಿನ ಮೇಲಿಟ್ಟ.

"ಹತ್ತನೇದು ಎಲ್ಲಿ ಡಾಕ್ಟ್ರೇ?"

"ನಂಗೂ ಗೊತ್ತಿಲ್ಲ," ಎಂದರು ಡಾಕ್ಟರು. ಅದು ನಿಜವೂ ಆಗಿತ್ತು.

"ಸರಿ, ಸ್ವಲ್ಪ ವಿಚಾರಿಸಬೇಕು. ಬನ್ನಿ."

ಅಕ್ಕ ಒಳಗಿಂದ ಸ್ವೆಟರ್ ತಂದು ತಮ್ಮನ ಹೆಗಲಿಗೆ ಹಾಕಿ, ಗುಂಡಿಗಳನ್ನು ಒಂದೊಂದಾಗಿ ಕುತ್ತಿಗೆಯವರೆಗೂ ಹಾಕಿದಳು. ಆಮೇಲೆ ತಾನೂ ಚಪ್ಪಲಿ ಮೆಟ್ಟಿ ಕಾರಿನ ಬಾಗಿಲಿಗೆ ಅಡ್ಡ ನಿಂತಳು.