ಕೊಂಡಪ್ಪನವರ ಪಿಸ್ತೂಲು

ನೂಲು ಬಿಡಲು ಹಣ್ಣಾದ ರೇಷ್ಮೆಹುಳುಗಳನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲಿಕ್ಕಿಟ್ಟ ಬಿದಿರಿನ ಚಂದ್ರಿಕೆಯ ಮೇಲೆ ಬಿಡುತ್ತಿದ್ದ ಶ್ಯಾಮಲಮ್ಮನ ಕೈ ನಡುವೆಯೇ ನಿಂತಿತು. ಹುಳುಮನೆಯೊಳಗೆ ಪಿಸ್ತೂಲಿನ ಎಣ್ಣೆಯ ವಾಸನೆ. ಆ ವಾಸನೆ ಹುಳಕ್ಕೆ ಆಗದೆಂದು ಗಂಡ ಮೂರು ಸಲ ಸೀಗೆಪುಡಿಯಲ್ಲಿ ಕೈ ತೊಳೆಯದೆ ಇಲ್ಲಿಗೆ ಕಾಲಿಡುತ್ತಿರಲಿಲ್ಲ. ಆ ಗಂಡ ಈಗ ಅಂಗಳದಲ್ಲಿ ಚಾಪೆಯ ಮೇಲೆ ಹೆಣವಾಗಿ ಮಲಗಿದ್ದ. ತಟ್ಟೆಯ ಹುಳುಗಳೆಲ್ಲ ಸೊಪ್ಪು ಬಿಟ್ಟು ತಲೆ ಎತ್ತಿದ್ದವು. ಎಲ್ಲವೂ ಒಂದೇ ಕಡೆಗೆ, ಒಳಕೋಣೆಯ ಗೋಡೆಯ ಕಡೆಗೆ ತಿರುಗಿದ್ದವು.

ಬೆಳಗಿನ ಜಾವ ಮುನಿವೆಂಕಟಪ್ಪ ನಿದ್ದೆಯಲ್ಲೇ ಹೋಗಿದ್ದ. ಜಂಗಮಕೋಟೆಯ ಆ ಇಡೀ ಬೀದಿಯೇ ಕೆಲಸ ಬಿಟ್ಟು ಬಂದು ಕೂತಿತ್ತು. ಆದರೆ ಹುಳಕ್ಕೆ ಸಾವಿನ ಲೆಕ್ಕವಿಲ್ಲ. ಹಣ್ಣಾದದ್ದನ್ನು ಅಂದೇ ಎತ್ತದಿದ್ದರೆ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತದೆ.

"ಅಳಕ್ಕೆ ನಾವಿದ್ದೀವಿ, ನೀನು ಹುಳ ನೋಡ್ಕೊಂಡು ಬಾರಮ್ಮ," ಎಂದು ಗಂಡನ ಸೋದರತ್ತೆ ಪೆದ್ದಮ್ಮನೇ ಕಳಿಸಿದ್ದಳು.

ಬಾಗಿಲಲ್ಲಿ ಮೈದುನ ಬಯ್ಯಪ್ಪ ಕಾಣಿಸಿಕೊಂಡ.

"ಅತ್ತಿಗೆ, ಒಸಿ ಬನ್ನಿ. ಅಣ್ಣನ ಕೈ ಬಿಡ್ಸಕ್ಕಾಗ್ತಿಲ್ಲ."

ಮೈ ತೊಳೆದು ಅಂಗೈಯಲ್ಲಿ ವೀಳ್ಯ ಇಡಬೇಕಿತ್ತು. ಎಡಗೈ ಸಡಿಲವಾಗಿತ್ತು. ಬಲಗೈಯ ಮೂರು ಬೆರಳು ಒಳಕ್ಕೆ ಮಡಚಿ ಬಿಗಿದಿದ್ದವು, ತೋರುಬೆರಳು ಮಾತ್ರ ಅರ್ಧ ಬಾಗಿ ನಿಂತಿತ್ತು. ಬಿಸಿನೀರು ಹುಯ್ದರು, ಕೊಬ್ಬರಿ ಎಣ್ಣೆ ತಿಕ್ಕಿದರು. ಕೈ ಜಗ್ಗಲಿಲ್ಲ.

"ಅಯ್ಯೋ ದೇವುಡಾ," ಪೆದ್ದಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. "ನಮ್ಮಣ್ಣ ಕೊಂಡಪ್ಪಂದೂ ಹಿಂಗೇ ಇತ್ತು ಕಣೇ. ಈ ಕೈಯೇ. ಆವಾಗ ಇವನೇ ಹೋಗಿ ತಂದು ಮುಟ್ಸಿದ."

"ಏನ್ ತಂದು?" ಎಂದ ಬಯ್ಯಪ್ಪ. ಗೊತ್ತಿದ್ದೂ ಕೇಳಿದ್ದ.

"ಅದೇ. ಅವನ ಪ್ರಾಣ."

ಶ್ಯಾಮಲಮ್ಮ "ಬೇಡ" ಎಂದಳು. ಯಾರಿಗೂ ಕೇಳಿಸಲಿಲ್ಲ. ಮಗ ಮುರಳಿಮೋಹನ್ ಆಗಲೇ ಅಪ್ಪನ ಉಡಿದಾರದಿಂದ ಬೀಗದ ಕೈ ಬಿಚ್ಚಿಕೊಂಡು ಒಳಕೋಣೆಗೆ ನಡೆದಿದ್ದ. ಚಿಂತಾಮಣಿಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟವನು, ಅಪ್ಪನ ಪೆಟ್ಟಿಗೆಯನ್ನು ಈವರೆಗೆ ತೆರೆದವನೇ ಅಲ್ಲ.

ಅವನು ಹೊರತಂದು ಹಳದಿ ಬಟ್ಟೆ ಬಿಚ್ಚಿದಾಗ ಅಂಗಳದವರೆಲ್ಲ ಬಗ್ಗಿ ನೋಡಿದರು. ಎಂಬತ್ತು ವರ್ಷದ ವಸ್ತು ನಿನ್ನೆ ಮಾಡಿದಂತಿತ್ತು. ನೀಲಿ ಹೊಳಪಿನ ಉಕ್ಕು, ತಲೆಮಾರುಗಳ ಅಂಗೈ ತಿಕ್ಕಿ ನುಣುಪಾದ ಮರದ ಹಿಡಿ.

"ಮದುಮಗಳಂಗವ್ಳೆ ನೋಡು," ಯಾರೋ ಮೆಲ್ಲಗೆ ಅಂದರು.

ಮುರಳಿ ಬಗ್ಗಿ ಹಿಡಿಯನ್ನು ಅಪ್ಪನ ಬೆರಳಿಗೆ ತಾಗಿಸಿದ. ಮೂರು ಬೆರಳೂ ಮೆಲ್ಲಗೆ ಬಿಚ್ಚಿಕೊಂಡವು.

"ಬಿಸಿನೀರು ಹುಯ್ದಿದ್ದಕ್ಕೆ ಸಡ್ಲಾಯ್ತು ಬಿಡಿ," ಬಯ್ಯಪ್ಪ ಎಲ್ಲರಿಗೂ ಕೇಳುವಂತೆ ಅಂದ.

"ಅಲ್ಲ ಕಣೋ," ಎಂದಳು ಪೆದ್ದಮ್ಮ. "ಕೊಟ್ಬಿಟ್ಟ."

*

ಎರಡನೇ ಮಹಾಯುದ್ಧ ಮುಗಿದ ಕಾಲಕ್ಕೆ, ತನ್ನ ದೇಶಕ್ಕೆ ಹೊರಟ ದಂಡಿನ ಅಧಿಕಾರಿಯೊಬ್ಬನಿಂದ ಮಾವ ಕೊಂಡಪ್ಪ ತಂದದ್ದು ಅದು. ಲೈಸೆನ್ಸು ಮುನಿವೆಂಕಟಪ್ಪನ ಹೆಸರಿಗಾದರೂ ಮನೆಯಲ್ಲಿ ಅದು ಕೊಂಡಪ್ಪನವರ ಪಿಸ್ತೂಲೇ. ಶ್ಯಾಮಲಮ್ಮ ಕಂಡಂತೆ ಅದು ಒಂದು ಗುಂಡನ್ನೂ ಹಾರಿಸಿರಲಿಲ್ಲ. ಆಯುಧಪೂಜೆಯಲ್ಲಿ ಕುಡುಗೋಲು, ಸೊಪ್ಪು ಕತ್ತರಿಸುವ ಕತ್ತಿಗೆಲ್ಲ ಒಂದು ಬೊಟ್ಟು ಕುಂಕುಮವಾದರೆ ಅದಕ್ಕೆ ಮಲ್ಲಿಗೆ ದಂಡೆ.

ದಿನಾ ಬೆಳಿಗ್ಗೆ ಮುನಿವೆಂಕಟಪ್ಪ ಬಾಗಿಲು ಹಾಕಿಕೊಂಡು ಅದನ್ನು ಬಿಚ್ಚಿ, ಒರೆಸಿ, ಎಣ್ಣೆ ಹಾಕಿ ಜೋಡಿಸುತ್ತಿದ್ದ. ಕೊನೆಗೆ ಟಕ್ ಎನ್ನುವ ಸದ್ದು. ಎಲೆಕ್ಷನ್ ಬಂತೆಂದರೆ ಪಿಸ್ತೂಲನ್ನು ಠಾಣೆಗೆ ಒಪ್ಪಿಸಬೇಕು. ಆಗ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಬಸ್ಸು ಹತ್ತಿ ಶಿಡ್ಲಘಟ್ಟಕ್ಕೆ ಎಣ್ಣೆ ಶೀಶೆ ಹಿಡಿದು ಹೋಗುತ್ತಿದ್ದ.

"ಏನ್ ಯಜಮಾನ್ರೆ, ತವರಿಗೋದ ಹೆಂಡ್ತೀನ ನೋಡಕ್ ಬಂದ್ರಾ?" ಎಂದು ಪೊಲೀಸಿನವರು ನಗುತ್ತಿದ್ದರಂತೆ. ಅದನ್ನು ಅವನೇ ಬಂದು ಹೇಳಿ ತಾನೂ ನಗುತ್ತಿದ್ದ.

ಪಿಸ್ತೂಲು ಠಾಣೆಯಲ್ಲಿದ್ದ ದಿನಗಳಲ್ಲೂ ಬೆಳಿಗ್ಗೆ ಒಳಕೋಣೆಯಿಂದ ಟಕ್ ಸದ್ದು ಬರುತ್ತಿತ್ತು. ಗಂಡ ಆಗ ಬಚ್ಚಲಲ್ಲಿ ಇರುತ್ತಿದ್ದ. ಅವಳು ಅದನ್ನು ಯಾರಿಗೂ ಹೇಳಲಿಲ್ಲ.

ಅವನು ಬೈದವನಲ್ಲ, ಹೊಡೆದವನಲ್ಲ. ಮುರಳಿ ಹುಟ್ಟಿ ಬಾಣಂತನ ಮುಗಿಸಿ ಬಂದ ದಿನ ಅವಳು ಮಗುವನ್ನು ಅವನ ಮುಂದೆ ಹಿಡಿದಿದ್ದಳು.

"ಇರು, ಕೈಲಿ ಎಣ್ಣೆ ಅದೆ. ತೊಳ್ಕೊಂಡು ಬರ್ತೀನಿ," ಎಂದು ಒಳಗೆ ಹೋದವನು ದೀಪ ಹಚ್ಚುವ ಹೊತ್ತಿಗೆ ಬಂದ. ಮಗು ನಿದ್ದೆ ಹೋಗಿತ್ತು. ಆಮೇಲಿನ ವರ್ಷಗಳೂ ಬಹುಮಟ್ಟಿಗೆ ಹಾಗೆಯೇ ಕಳೆದವು.

*

ಹೊಲದ ಅಂಚಿನಲ್ಲಿ ಮಣ್ಣು ಮಾಡಿ ಬಂದವರು ಕಾಲು ತೊಳೆದು, ದೀಪ ನೋಡಿ, ಒಬ್ಬೊಬ್ಬರಾಗಿ ಹೊರಟರು. ಮುರಳಿ ನೇರ ಒಳಕೋಣೆಗೆ ಹೋದ. ಶ್ಯಾಮಲಮ್ಮ ಗೋಡೆಗೊರಗಿ ಕೂತಿದ್ದಳು.

ಟಕ್.

ಸೊಸೆ ಹರಿತಾ ನಾಲ್ಕು ತಿಂಗಳ ಕೂಸನ್ನು ಎತ್ತಿಕೊಂಡು ಕೋಣೆಯ ಬಾಗಿಲಲ್ಲಿ ನಿಂತಿದ್ದಳು.

"ರೀ, ಇವಳನ್ನ ಸ್ವಲ್ಪ ಹಿಡ್ಕೊಳ್ಳಿ. ಬೆಳಿಗ್ಗೆಯಿಂದ ನನ್ ಕೈ ಬಿದ್ದೋಗಿದೆ."

"ಇರು, ಕೈಲಿ ಎಣ್ಣೆ ಅದೆ."

ಶ್ಯಾಮಲಮ್ಮ ಎದ್ದು ಬಾಗಿಲಿಗೆ ಬಂದಳು. ಯಾರೂ ಕಲಿಸಿರಲಿಲ್ಲ, ಆದರೂ ಮಗನ ಮುಂದೆ ಭಾಗಗಳೆಲ್ಲ ಅಪ್ಪ ಇಡುತ್ತಿದ್ದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿದ್ದವು.

"ಮುರಳಿ, ಮಗೂನ ಎತ್ಕೊಳಪ್ಪ."

"ಆಮೇಲಮ್ಮ. ನಾಳೆ ಸ್ಟೇಷನ್‌ಗೆ ಹೇಳಿ ನನ್ ಹೆಸರಿಗೆ ಮಾಡಿಸ್ಕೊತೀನಿ. ನೀನೊಂದು ಒಪ್ಪಿಗೆ ಸೈನ್ ಹಾಕ್ಬೇಕಷ್ಟೆ." ಅವನು ತಲೆ ಎತ್ತಲಿಲ್ಲ. "ಎಷ್ಟ್ ಚೆನ್ನಾಗಿದೆ ನೋಡು. ಕೈಗೆ ಅಳತೆ ತಗೊಂಡ್ ಮಾಡಿದಂಗಿದೆ."

ಹೆಸರು ಬದಲಿಸುವ ಈ ಮಾತನ್ನು ಆರು ವರ್ಷದ ಕೆಳಗೆ ಮುನಿವೆಂಕಟಪ್ಪ ಆಡಿದ್ದ. ವಯಸ್ಸಾಯಿತು, ಮಗನ ಹೆಸರಿಗೆ ಬರೆಯೋಣ, ಒಪ್ಪಿಗೆ ಕೊಡು ಎಂದಿದ್ದ. ಅವಳು ಕೂತು, ತಡವಾಗಿ ಕಲಿತ ದುಂಡಕ್ಷರದಲ್ಲಿ, ಒಪ್ಪಿಗೆ ಇಲ್ಲವೆಂದೂ, ಪಿಸ್ತೂಲನ್ನು ಸರ್ಕಾರವೇ ತೆಗೆದುಕೊಂಡು ಹೋಗಬೇಕೆಂದೂ ಚಿಕ್ಕಬಳ್ಳಾಪುರಕ್ಕೆ ಜಿಲ್ಲಾಧಿಕಾರಿಗಳಿಗೆ ಕಾಗದ ಬರೆದಳು. ಸ್ಟಾಂಪು ಹಚ್ಚಿದ ಮೇಲೆ ಗಂಡನಿಗೆ ತೋರಿಸಿದಳು. ಅವನು ಓದಿ ಅದನ್ನು ಅವಳ ಕೈಗೇ ವಾಪಸು ಕೊಟ್ಟ.

"ನಾನ್ ಹೋದ್ಮೇಲೆ ಕಳ್ಸು ಶ್ಯಾಮಲ. ನಾನಿರೋಗಂಟ ಬೇಡ," ಎಂದಿದ್ದ. ಅವಳನ್ನು ಅವನು ಬೇಡಿಕೊಂಡದ್ದು ಅದೊಂದೇ ಸಲ. ಹೆಸರು ಬದಲಿಸುವ ಅರ್ಜಿಯ ಮಾತನ್ನೂ ಮತ್ತೆ ಎತ್ತಲಿಲ್ಲ.

ಶ್ಯಾಮಲಮ್ಮ ಸೀರೆಯ ಟ್ರಂಕು ತೆರೆದು, ತಳದಿಂದ ಆ ಕಾಗದದ ಲಕೋಟೆ ಎಳೆದುಕೊಂಡು ಅಂಗಳ ದಾಟಿದಳು. ಗೇಟಿನ ಬಳಿ ಅಂಚೆಯ ಮಧುಸೂದನ್ ಮೊಪೆಡ್ಡು ತಿರುಗಿಸುತ್ತಿದ್ದ. ಮಣ್ಣಿಗೆಂದು ಬಂದವನು ಸಂಜೆಯ ಟಪಾಲಿನ ಚೀಲ ಹಾಕಿಕೊಂಡೇ ಬಂದಿದ್ದ.

"ಮಧು, ಇದು ಹೋಗ್ಬೇಕು."

ಅವನು ವಿಳಾಸ ಓದಿ, ಒಳಗೊಮ್ಮೆ ನೋಡಿ, ದನಿ ತಗ್ಗಿಸಿದ. "ಇವತ್ತೇನಾ ಅಕ್ಕ? ತಿಥಿ ಕಳೀಲಿ. ಮುರಳಿಗೆ ಒಂದ್ ಮಾತು..."

"ಇವತ್ತೇ."

"ಸ್ಟಾಂಪು ಹಳೇದು. ಸಾಲಲ್ಲ."

"ಸಾಲ್ದಿದ್ದುದ್ನ ನೀನ್ ಹಚ್ಚು."

ಅವನು ಲಕೋಟೆಯನ್ನು ಚೀಲಕ್ಕೆ ಇಳಿಸಿ ಅದರ ಬಾಯಿ ಬಿಗಿದ. ಆ ಕ್ಷಣಕ್ಕೆ ಒಳಗೆ ಯಾವುದೋ ಉಕ್ಕಿನ ತುಂಡು ನೆಲಕ್ಕೆ ಬಿದ್ದು ಉರುಳಿತು. ಮುರಳಿ ಬಾಗಿಲಿಗೆ ಬಂದು ನಿಂತ. ಕಣ್ಣು ಆಗಷ್ಟೇ ನಿದ್ದೆಯಿಂದ ಎದ್ದವನ ಹಾಗಿತ್ತು.

"ಅಮ್ಮ, ಯಾರು ನನ್ನ ಕೂಗಿದ್ದು?"

ಯಾರೂ ಕೂಗಿರಲಿಲ್ಲ. ಶ್ಯಾಮಲಮ್ಮ ಗೇಟಿಗೆ ಬೆನ್ನು ಕೊಟ್ಟು ಅಡ್ಡ ನಿಂತಳು. ಹಿಂದೆ ಮೊಪೆಡ್ಡು ಹಿಪ್ಪುನೇರಳೆ ತೋಟದ ಬದಿಗೆ ತಿರುಗಿ, ದೀಪ ಹೊತ್ತಿಸಿಕೊಂಡು, ಶಿಡ್ಲಘಟ್ಟದ ರಸ್ತೆ ಹಿಡಿಯಿತು.